ಕಯಾಕ್‌ನಲ್ಲಿ ಜೀವಂತ ಸಿಗಡಿ: ಬಕೆಟ್‌ನಿಂದ ಪೈಪ್‌ವರೆಗೆ

ಕುಂದಾಪುರದ ಪಂಚಗಂಗಾವಳಿ ಹೊಳೆಯಲ್ಲಿ ಗಾಳ ಹಾಕುವುದಾದರೆ ಜೀವಂತ ಸಿಗಡಿಯಷ್ಟು ಒಳ್ಳೆಯ ಎರೆ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಕಾಂಡ್ಲ (ಮ್ಯಾಂಗ್ರೋವ್) ಗಿಡದ ಬೇರಿನ ಸಂದಿಯಲ್ಲಿ ಕೂತಿರುವ ಕುರುಡಿ, ಕೆಂಬೇರಿ ಮೀನುಗಳೆರಡೂ ಚಿಮ್ಮುವ ಸಿಗಡಿ ಕಂಡರೆ ಹೊರಗೆ ಬರುತ್ತವೆ. ಸತ್ತದ್ದನ್ನು ಇಳಿಸಿದರೆ ಬರುವುದು ಏಡಿಗಳೇ ಜಾಸ್ತಿ.

ದೋಣಿಯವರಿಗೆ ಇದರಲ್ಲಿ ತಲೆಬಿಸಿ ಇಲ್ಲ, ದೊಡ್ಡ ಟ್ಯಾಂಕ್ ಇಟ್ಟುಕೊಂಡರಾಯಿತು. ನನ್ನದು ಕಯಾಕ್, ಹುಟ್ಟು ಹಾಕುವ ಕಿರಿದಾದ ಪುಟ್ಟ ದೋಣಿ. ಅದರಲ್ಲಿ 20 ಲೀಟರ್ ನೀರು ಅಂದರೆ 20 ಕಿಲೋ ತೂಕ, ಅದೂ ಸುಮ್ನೆ ಕೂರುವ ತೂಕವಲ್ಲ. ಕಯಾಕ್ ಎಡಕ್ಕೆ ವಾಲಿದರೆ ನೀರೂ ಎಡಕ್ಕೇ ಓಡಿ ಇನ್ನಷ್ಟು ವಾಲಿಸುತ್ತದೆ. ಹಾಗಾಗಿ ಕಡಿಮೆ ನೀರಿನಲ್ಲಿ ಸಿಗಡಿಯನ್ನು ಮಧ್ಯಾಹ್ನದವರೆಗೆ ಬದುಕಿಸುವುದು ಹೇಗೆ ಅನ್ನುವುದೇ ಈ ಕೆಲಸದ ಗುರಿ.

ಅಕ್ಟೋಬರ್

ಮುಚ್ಚಳವಿರುವ ಬಕೆಟ್, ಅಕ್ವೇರಿಯಂನವರು ಮಾರುವ ಯುಎಸ್‌ಬಿ ಗಾಳಿ ಪಂಪ್, ಒಂದು ಪವರ್ ಬ್ಯಾಂಕ್. ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ. ಒಂದು ಕಿರಿಕಿರಿ ಇದೆ: ಪಂಪ್ ಎಳೆಯುವ ಕರೆಂಟ್ ತೀರಾ ಕಡಿಮೆಯಾದರೆ, ಏನೂ ಜೋಡಿಸಿಲ್ಲ ಅಂದುಕೊಂಡು ಕೆಲವು ಪವರ್ ಬ್ಯಾಂಕ್‌ಗಳು ತಾವೇ ಆಫ್ ಆಗುತ್ತವೆ. ಇನ್ನೊಂದು ಪೋರ್ಟಿಗೆ ಪುಟ್ಟ ಎಲ್‌ಇಡಿ ದೀಪ ಸಿಕ್ಕಿಸಿದೆ, ಅಲ್ಲಿಗೆ ಮುಗಿಯಿತು. ಬೆಳಗಿನ ಜಾವ ಗಾಳ ಕಟ್ಟಲು ಆ ಬೆಳಕೂ ಬೇಕೇ ಬೇಕು.

ಗಾಳಿ ಬರುತ್ತಿದ್ದರೂ ಬಿಸಿಲೇರಿದ ಮೇಲೆ ಸಿಗಡಿಗಳು ಸಾಯುತ್ತಿದ್ದವು. ಗಾಜಿನಂತಿದ್ದ ಮೈ ಬಾಲದ ಕಡೆಯಿಂದ ಬೆಳ್ಳಗಾಗುತ್ತಾ ಬರುತ್ತದೆ. ಹೊಟ್ಟೆಯಡಿಯ ಈಜುಕಾಲುಗಳು ಒಂದೇ ಲಯದಲ್ಲಿ ಬೀಸುತ್ತಿದ್ದದ್ದು ತಡೆದು ತಡೆದು ಬೀಸತೊಡಗುತ್ತವೆ. ಆಮೇಲೆ ಮಗುಚಿ ಬೀಳುತ್ತದೆ. ಬೆಳ್ಳಗಾದದ್ದು ಮತ್ತೆ ಚೇತರಿಸಿಕೊಂಡದ್ದನ್ನು ನಾನು ನೋಡಿಲ್ಲ. ಸಿಗಡಿ ಕೊಡುವ ಅಣ್ಣನಿಗೆ ಹೇಳಿದರೆ ನಕ್ಕರು: "ಚಟ್ಲಿನ ಬಿಸಿ ನೀರಗೆ ಹಾಕ್ರೆ ಸಾಯ್ದೆ ಇನ್ನೆಂತ ಆತ್ತ್ ಮಾರಾಯ?"

ಲೆಕ್ಕವೂ ಅವರ ಕಡೆಗೇ ಇದೆ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯದು ಹಿಡಿಯುವುದು ಸುಮಾರು 7.5. ಉಪ್ಪುನೀರು ಇನ್ನೂ ಕಡಿಮೆ. ನೀರು ಬಿಸಿಯಾದಷ್ಟೂ ಸಿಗಡಿಗೆ ಉಸಿರು ಜಾಸ್ತಿ ಬೇಕು, ಅದು ಬಿಡುವ ಅಮೋನಿಯಾದ ವಿಷವೂ ಏರುತ್ತದೆ. ಪಂಪ್ ಎಷ್ಟು ಗುಳ್ಳೆ ಬಿಟ್ಟರೂ ನೀರು ತಂಪಾಗುವುದಿಲ್ಲ, ಅಲ್ವಾ?

ಡಿಸೆಂಬರ್

ಬಕೆಟ್ ಹೋಯಿತು, ಮೀನು ಮಾರ್ಕೆಟ್ಟಿನ ಥರ್ಮೋಕೋಲ್ ಪೆಟ್ಟಿಗೆ ಬಂತು. ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯನ್ನು ಬಿರಡೆ ಸಮೇತ ಒಳಗಿಡುವುದು. ಬರೀ ಐಸ್ ತುಂಡು ಹಾಕಬಾರದು. ಅದು ಕರಗಿದರೆ ಉಪ್ಪಿನಂಶ ಇಳಿಯುತ್ತದೆ, ನಲ್ಲಿ ನೀರಿನ ಐಸ್ ಆದರೆ ಕ್ಲೋರಿನ್ ಬೇರೆ.

ಮನೆಯಿಂದ ನದಿಯವರೆಗೆ ನೀರೇ ಬೇಡ ಅನ್ನೋದೂ ಇದೇ ಹೊತ್ತಿಗೆ ಗೊತ್ತಾಯಿತು. ಕಿವಿರು ಒದ್ದೆಯಾಗಿರುವವರೆಗೆ ಸಿಗಡಿ ಬದುಕುತ್ತದೆ. ಜಪಾನಿನಲ್ಲಿ ಕುರುಮಾ ಸಿಗಡಿಯನ್ನು ತಣ್ಣಗಿನ ಮರದ ಹೊಟ್ಟಿನಲ್ಲಿಟ್ಟು ಜೀವಂತವಾಗಿಯೇ ಸಾಗಿಸುತ್ತಾರೆ. ನಾನು ಹೊಳೆ ನೀರಿನಲ್ಲಿ ಅದ್ದಿದ ಗೋಣಿ ಬಳಸಿದೆ: ಕೆಳಗೆ ಐಸ್ ಬಾಟಲಿ, ಮೇಲೆ ದಪ್ಪ ಪೇಪರ್, ಅದರ ಮೇಲೆ ಗೋಣಿ, ಗೋಣಿಯೊಳಗೆ ಒಂದೇ ಪದರ ಸಿಗಡಿ. ಒಂದರ ಮೇಲೊಂದು ರಾಶಿ ಹಾಕಿದರೆ ಅಡಿಯವು ಉಳಿಯುವುದಿಲ್ಲ. ಸ್ಕೂಟರಿನಲ್ಲಿ ನೀರು ತುಳುಕಿಸುತ್ತಾ ಹೋಗುವ ಕಾಟ ತಪ್ಪಿತು.

ರಾತ್ರಿ ಇಟ್ಟುಕೊಳ್ಳಲು ನೀಲಿ ಡ್ರಮ್ ಅರ್ಧ ಕತ್ತರಿಸಿದ ತೊಟ್ಟಿ ಇದೆ. ನೀರು ಸಿಗಡಿ ಹಿಡಿದ ಜಾಗದ್ದೇ ಆಗಬೇಕು, ಬಾವಿ ನೀರು ಬೆರೆಸುವ ಹಾಗಿಲ್ಲ. ಸ್ಪಂಜ್ ಫಿಲ್ಟರ್ ಇಟ್ಟರೂ ಅದರಲ್ಲಿ ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ಕೂರಲು ವಾರಗಟ್ಟಲೆ ಬೇಕು. ಅದಕ್ಕಿಂತ ಕಡಿಮೆ ಸಿಗಡಿ ಹಾಕಿ ಅರ್ಧ ನೀರು ಬದಲಿಸುವುದೇ ಸುಲಭ. ಒಂದು ರಾತ್ರಿಗೆ ಮೇವು ಹಾಕುವುದಿಲ್ಲ. ಮೇಲೆ ಬಲೆ ಕಟ್ಟದಿದ್ದರೆ ಬೆಳಿಗ್ಗೆ ಅರ್ಧ ಅಂಗಳದಲ್ಲಿರುತ್ತವೆ. ಚಿಪ್ಪು ಕಳಚಿ ಮೆತ್ತಗಾದದ್ದನ್ನು ಉಳಿದವು ತಿಂದುಬಿಡುತ್ತವೆ, ಅದಕ್ಕೆ ಅಡಗಲು ಪೈಪ್ ತುಂಡುಗಳನ್ನು ಹಾಕಿದ್ದೇನೆ.

ಮಾರ್ಚ್

ಈಗಿನದು 4 ಇಂಚಿನ ಪಿವಿಸಿ ಪೈಪ್, 2 ಅಡಿ ಉದ್ದ. ಒಂದು ತುದಿಗೆ ಅಂಟಿಸಿದ ಮುಚ್ಚಳ, ಇನ್ನೊಂದಕ್ಕೆ ತಿರುಪಿನ ಮುಚ್ಚಳ. ಬೇರೆ ಕಡೆಯ ಕಯಾಕ್‌ನವರು ಮಾಡುವ ಪೈಪಿನಲ್ಲಿ ಸುತ್ತಲೂ ತೂತು ಇರುತ್ತದೆ. ನಾನು ಮೇಲಿನ ಅರ್ಧಕ್ಕೆ ಮಾತ್ರ ಕೊರೆದೆ. ಅಡಿಯಲ್ಲಿ ಸೀಸದ ತುಂಡು ಇದೆ, ಪೈಪ್ ಉರುಳುವುದಿಲ್ಲ. ತೂತಿನ ಅಂಚನ್ನು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಬೇಕು, ಇಲ್ಲದಿದ್ದರೆ ಮೀಸೆ ಕತ್ತರಿಸಿ ಹೋಗುತ್ತದೆ.

ಲಂಗರು ಹಾಕಿ ಕೂತಾಗ ಪೈಪ್ ನೀರಿನೊಳಗೆ ತೂಗುತ್ತದೆ, ಭರತದ ನೀರು ತಾನಾಗಿ ಹಾದು ಹೋಗುತ್ತದೆ. ಪಂಪ್ ಬೇಡ, ಬಿಸಿಯ ಚಿಂತೆಯೂ ಇಲ್ಲ. ಹುಟ್ಟು ಹಾಕುವಾಗ ಹಿಂದೆ ಎಳೆದುಕೊಂಡು ಹೋದರೆ ಎರಡು ತೊಂದರೆ. ಕಯಾಕ್ ಒಂದು ಬದಿಗೆ ಎಳೆಯುತ್ತದೆ, ನೀರಿನ ರಭಸಕ್ಕೆ ಸಿಗಡಿಗಳೆಲ್ಲ ಹಿಂದಿನ ತುದಿಗೆ ಒತ್ತಿಕೊಳ್ಳುತ್ತವೆ. ಹಾಗಾಗಿ ಮೇಲೆತ್ತುವುದು. ಎತ್ತಿದಾಗ ಮೇಲರ್ಧದ ನೀರು ಸೋರಿ, ಕೆಳಗಿನ ಅರ್ಧದಲ್ಲಿ 3 ಲೀಟರಿಗೂ ಕಡಿಮೆ ಉಳಿಯುತ್ತದೆ. ಆಗ ಮಾತ್ರ ಹಳೇ ಪಂಪಿನ ಗಾಳಿಕಲ್ಲನ್ನು (ಕೊಳವೆಯ ತುದಿಯಲ್ಲಿ ಗುಳ್ಳೆ ಬಿಡುವ ಕಲ್ಲು) ಒಂದು ತೂತಿನಿಂದ ಇಳಿಸಿ, ಒದ್ದೆ ಗೋಣಿ ಹೊದಿಸಿ, ಸೀಟಿನ ಹಿಂದೆ ಇಟ್ಟರೆ ಇನ್ನೊಂದು ಕೊಲ್ಲಿಗೆ ಹೋಗುವಷ್ಟು ಹೊತ್ತು ಸಾಕು. 20 ಕಿಲೋ ಹೋಗಿ 3 ಕಿಲೋ ಆಯಿತು. ನನಗೆ ಬೇಕಾಗಿದ್ದದ್ದು ಇದೇ.

ಗಾಳಕ್ಕೆ ಚುಚ್ಚುವಾಗ ತಲೆಯ ಕೊಂಬಿನ ಕೆಳಗೆ ಕಾಣುವ ಕಪ್ಪು ಚುಕ್ಕೆಗೆ ಮುಳ್ಳು ತಾಗದಿದ್ದರೆ ಸಿಗಡಿ ಬಹಳ ಹೊತ್ತು ಬದುಕಿ ಚಿಮ್ಮುತ್ತಿರುತ್ತದೆ.

ಕೆಲವರು ಸಾಕಣೆ ಕೆರೆಯ ವನಾಮಿ ಸಿಗಡಿ ತರೋಣ, ಅಗ್ಗ ಅನ್ನುತ್ತಾರೆ. ನಾನು ತರುವುದಿಲ್ಲ. ಅದು ಈ ಕಡಲಿನದ್ದಲ್ಲ, ಕೆರೆಯ ಬಿಳಿಚುಕ್ಕೆ ರೋಗ ಏಡಿಗಳಿಗೂ ಅಂಟುತ್ತದೆ. 2016ರ ಕೊನೆಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ, ಲೋಗನ್ ನದಿ ಬದಿಯ ಸಿಗಡಿ ಕೆರೆಗಳಲ್ಲಿ ಈ ರೋಗ ಕಂಡಾಗ, ಆ ಪ್ರದೇಶದಿಂದ ಹಸಿ ಸಿಗಡಿ ಹೊರಗೆ ಒಯ್ಯುವುದಕ್ಕೇ ನಿರ್ಬಂಧ ಬಂತು. ಹೊಳೆಯದ್ದನ್ನೇ ಬೀಸುಬಲೆಯಲ್ಲಿ ಹಿಡಿದು, ಮಿಕ್ಕಿದ್ದನ್ನು ಅದೇ ಹೊಳೆಗೆ ಬಿಡುತ್ತೇನೆ.

ಮುಂದಿನ ಕೆಲಸ ಎರೆಗೆ ಬಳಸುವ ಮಲ್ಲೆಟ್ ಮೀನಿನ ಮರಿಗಳದ್ದು. ಸಿಗಡಿಯಂತೆ ಗೋಣಿಯಲ್ಲಿ ಸುತ್ತಿ ಒಯ್ಯಲು ಆಗುವುದಿಲ್ಲ. ಪೈಪಿನಲ್ಲಿ ಹಾಕಿದರೆ ತುದಿಗೆ ಮೂತಿ ಗುದ್ದಿಕೊಂಡು ಹುರುಪೆ ಉದುರಿಸಿಕೊಳ್ಳುತ್ತವೆ. ಮೂಲೆ ಇಲ್ಲದ ದುಂಡಗಿನ ಡಬ್ಬ ಬೇಕು, 8 ಲೀಟರ್ ದಾಟಬಾರದು. ಮಳೆಗೆ ಮೊದಲು ಒಂದು ಮಾಡಿ ನೋಡಬೇಕು. ಮಳೆ ಹಿಡಿದ ಮೇಲೆ ಹೊಳೆ ಪೂರ್ತಿ ಸಿಹಿನೀರಾಗುತ್ತದೆ, ಆಗ ಈ ಲೆಕ್ಕ ಯಾವುದೂ ನಡೆಯುವುದಿಲ್ಲ.