ಅಮ್ಮನ ರೂಮಿನ ಗೋಡೆ ಮತ್ತು ಮೂರು ರಾತ್ರಿ ಟ್ಯಾಂಕ್ ಅಳತೆ

ಮೈಸೂರಲ್ಲಿ ನಮ್ಮನೆ ಕಟ್ಟಿದ್ದು 1994ರಲ್ಲಿ. ಅಮ್ಮ ಮಲಗೋ ರೂಮಿಗೂ ಬಾತ್‌ರೂಮಿಗೂ ಮಧ್ಯೆ ಇರೋದು ನಾಲ್ಕೂವರೆ ಇಂಚಿನ ಒಂದೇ ಗೋಡೆ, ಆ ಗೋಡೆ ಮೂರು ವರ್ಷದಿಂದ ಪಸೆ ಬಿಡ್ತಿತ್ತು. ಮೊದಲು ಸ್ಕರ್ಟಿಂಗ್ ಮೇಲೆ ಅಂಗೈ ಅಗಲ ಬಣ್ಣ ಉಬ್ಬಿತ್ತು ಅಷ್ಟೆ, ಆಮೇಲೆ ಬಿಳಿ ಉಪ್ಪು ಎದ್ದು ಉದುರೋಕೆ ಶುರುವಾಯ್ತು, ದಿನಾ ಬೆಳಿಗ್ಗೆ ಗುಡಿಸಿದ್ರೆ ಒಂದು ಹಿಡಿ ಪುಡಿ ಸಿಗೋದು. ರೂಮಿಗೆ ಕಾಲಿಟ್ರೆ ಮುಗ್ಗಲು ವಾಸನೆ. ಅಮ್ಮಂಗೆ ಮೊದಲೇ ಕೆಮ್ಮು.

ನಾನು ಕೇಳದೇ ಇರೋರೇ ಇಲ್ಲ. ಪೇಂಟರ್ ಕೆರೆದು ಪುಟ್ಟಿ ಹಾಕಿ ಪ್ರೈಮರ್ ಹೊಡೆದು ಬಣ್ಣ ಬಳೀತೀನಿ ಅಂದ್ರು, 6,500 ಆಯ್ತು, ಐದು ತಿಂಗಳಿಗೆ ಮತ್ತೆ ಉಬ್ಬಿತು. ಆಫೀಸಲ್ಲಿ ಒಬ್ಬರು ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿ ಅಂದ್ರು, ಅದಕ್ಕೆ 11,000 ಆಯ್ತು. ಅದು ಹೊಡೆದ ಜಾಗ ಚೆನ್ನಾಗೇ ಇತ್ತು, ಆದ್ರೆ ಒಳಗಿದ್ದ ನೀರು ಎಲ್ಲಿಗೆ ಹೋಗ್ಬೇಕು ಹೇಳಿ, ಪಕ್ಕಕ್ಕೆ ಹರಡಿ ಮೇಲಕ್ಕೆ ಏರಿ ಸ್ವಿಚ್ ಬೋರ್ಡ್ ಹತ್ರ ಬಂತು. ಒಂದಿನ ಅಮ್ಮ ಸ್ನಾನ ಮಾಡಿ ಬಂದು ಲೈಟ್ ಹಾಕೋಕೆ ಹೋದಾಗ ಕೈ ಜುಮ್ ಅಂತು ಅಂದ್ರು. ಆವತ್ತು ನಂಗೆ ನಿಜವಾಗ್ಲೂ ಭಯ ಆಯ್ತು. ಆ ರೂಮಿನ ಎಂಸಿಬಿ ಇಳಿಸಿ, ಅಮ್ಮನ ಮಂಚ ಹಾಲ್‌ಗೆ ತಂದು ಹಾಕಿದೆ. ಎಲೆಕ್ಟ್ರಿಷಿಯನ್ ಬಂದು ಬೋರ್ಡನ್ನ ಎದುರು ಗೋಡೆಗೆ ಸರಿಸಿ, ಮೇನ್ ಸ್ವಿಚ್ ಹತ್ರ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ತಾನೇ ಕಟ್ ಮಾಡೋ ಸ್ವಿಚ್) ಕೂರಿಸಿಕೊಟ್ಟ. ನಮ್ಮದು ಹಳೇ ಮನೆ, ಅದು ಇರ್ಲೇ ಇಲ್ಲ. ಹಳೇ ಮನೆ ಇರೋರು ದಯವಿಟ್ಟು ಒಂದ್ಸಲ ನೋಡ್ಕೊಳ್ಳಿ, ಗೋಡೆ ಆಮೇಲೆ, ಇದು ಮೊದಲು.

ಪ್ಲಂಬರ್ ಒಬ್ಬರು ಬಂದು ನೋಡಿ ಬಾತ್‌ರೂಮ್ ಟೈಲ್ಸ್ ಪೂರ್ತಿ ಒಡೀಬೇಕು, ಮೆಟೀರಿಯಲ್ ಸೇರಿ 45 ಸಾವಿರ ಆಗುತ್ತೆ ಅಂದ್ರು. ಆಗ ನಾನು ಹಾರ್ಡ್‌ವೇರ್ ಅಂಗಡಿಗೆ ಹೋದೆ, ಇನ್ನೊಂದು ಡಬ್ಬ ಕೋಟಿಂಗ್ ತರೋಣ ಅಂತಾನೇ ಹೋಗಿದ್ದು. ಗಲ್ಲಾ ಮೇಲೆ ಕೂತಿದ್ದ ವಯಸ್ಸಾದವರು ಡಬ್ಬ ಕೊಡ್ಲಿಲ್ಲ. ಪಸೆ ಮಳೆಗಾಲದಲ್ಲಿ ಮಾತ್ರನಾ ಏಪ್ರಿಲ್‌ನಲ್ಲೂ ಇರುತ್ತಾ ಅಂದ್ರು. ವರ್ಷ ಪೂರ್ತಿ ಅಂದೆ. ಮನೆಗೆ ಬೀಗ ಹಾಕಿ ಊರಿಗೆ ಹೋದಾಗ ಒಣಗಿರುತ್ತಾ ಅಂದ್ರು. ಯೋಚನೆ ಮಾಡಿದೆ, ಮೇ ತಿಂಗಳಲ್ಲಿ ಹತ್ತು ದಿನ ಶಿವಮೊಗ್ಗಕ್ಕೆ ಹೋಗಿದ್ವಿ, ವಾಪಸ್ ಬಂದಾಗ ಒಣಗೋದಿರ್ಲಿ ಇನ್ನೂ ಎರಡು ಇಂಚು ಮೇಲೆ ಏರಿತ್ತು. ಅಷ್ಟು ಹೇಳ್ತಿದ್ದ ಹಾಗೇ, ಹಾಗಾದ್ರೆ ಅದು ಸ್ನಾನದ ನೀರಲ್ಲಮ್ಮ, ಟೈಲ್ಸ್ ಸಂದಿಂದ ಇಳಿಯೋದಾದ್ರೆ ಯಾರೂ ನೀರು ಹಾಕದಿದ್ದಾಗ ಕಮ್ಮಿ ಆಗ್ಬೇಕಿತ್ತು, ಯಾವಾಗ್ಲೂ ನೀರು ತುಂಬ್ಕೊಂಡಿರೋ ಪೈಪೇ ಎಲ್ಲೋ ಸೋರ್ತಿದೆ, ಒಡೆಯೋ ಮುಂಚೆ ಟ್ಯಾಂಕ್ ಅಳೆದು ನೋಡು ಅಂದ್ರು.

ಮೂರು ವರ್ಷದಲ್ಲಿ ಎಲ್ರೂ ಗೋಡೆಗೆ ಏನು ಹಚ್ಬೇಕು ಅಂತ ಹೇಳಿದ್ರು, ನಾನು ಕೇಳಿದ್ದೂ ಅದನ್ನೇ. ನೀರು ಎಲ್ಲಿಂದ ಬರ್ತಿದೆ ಅಂತ ಕೇಳಿದ್ದು ಇವರೊಬ್ಬರೇ.

ಅಳತೆ ಕಷ್ಟ ಇಲ್ಲ. ನಮ್ಮದು ಸಾವಿರ ಲೀಟರ್ ಟ್ಯಾಂಕ್, ಅಡ್ಡಗಲ 1.1 ಮೀಟರ್, ಅಂದ್ರೆ ನೀರು ಒಂದು ಸೆಂಟಿಮೀಟರ್ ಇಳಿದ್ರೆ ಹೆಚ್ಚುಕಮ್ಮಿ 9.5 ಲೀಟರ್ ಹೋಯ್ತು ಅಂತ ಲೆಕ್ಕ. ರಾತ್ರಿ ಹತ್ತಕ್ಕೆ ಎಲ್ಲಾ ನಲ್ಲಿ ಬಂದ್ ಮಾಡಿ, ಮೋಟರ್ ಹಾಕ್ಬೇಡಿ ಅಂತ ಎಲ್ರಿಗೂ ಹೇಳಿ, ಫ್ಲಶ್ ಟ್ಯಾಂಕ್‌ನ ಸಣ್ಣ ವಾಲ್ವ್ ಕೂಡ ತಿರುಗಿಸಿ ನಿಲ್ಲಿಸಿ (ಅದು ಸೋರ್ತಿದ್ರೆ ಲೆಕ್ಕ ಎಲ್ಲಾ ತಪ್ಪುತ್ತೆ), ಟಾರ್ಚ್ ಹಿಡ್ಕೊಂಡು ತಾರಸಿಗೆ ಹೋಗಿ ಟ್ಯಾಂಕಿಗೆ ಕೋಲು ಇಳಿಬಿಟ್ಟು ಗುರುತು ಹಾಕಿದೆ. ಬೆಳಿಗ್ಗೆ ಐದೂವರೆಗೆ ನೋಡಿದ್ರೆ ಪೂರ್ತಿ ಒಂದು ಸೆಂಟಿಮೀಟರ್ ಇಳಿದಿತ್ತು. ಒಂದು ಬಕೆಟ್‌ಗೆ ಸ್ವಲ್ಪ ಕಮ್ಮಿ ನೀರು, ಒಂದೇ ರಾತ್ರೀಲಿ, ಅಮ್ಮನ ತಲೆದಿಂಬಿನ ಪಕ್ಕದ ಗೋಡೆ ಒಳಗೆ. ತಾರಸಿ ಮೇಲೇ ಸ್ವಲ್ಪ ಹೊತ್ತು ಕೂತ್ಬಿಟ್ಟೆ.

ಎರಡನೇ ರಾತ್ರಿ ಬಾತ್‌ರೂಮ್ ಲೈನಿನ ಗೇಟ್‌ವಾಲ್ವ್ ಬಂದ್ ಮಾಡಿದೆ, ನೀರು ಇಳೀಲಿಲ್ಲ. ಮೂರನೇ ರಾತ್ರಿ ಅದನ್ನ ಓಪನ್ ಮಾಡಿ ಗೀಸರ್‌ಗೆ ನೀರು ಹೋಗೋ ವಾಲ್ವ್ ಮಾತ್ರ ನಿಲ್ಲಿಸಿದೆ, ಗೀಸರ್ ಸ್ವಿಚ್ ಮೊದಲು ಆಫ್ ಮಾಡಿ. ಆಗ್ಲೂ ಇಳೀಲಿಲ್ಲ. ಅಂದ್ರೆ ತಣ್ಣೀರು ಲೈನ್ ಸರಿ ಇದೆ, ಸೋರ್ತಿರೋದು ಗೀಸರಿಂದ ಕೆಳಗೆ ಮಿಕ್ಸರ್‌ಗೆ (ಬಿಸಿನೀರು ತಣ್ಣೀರು ಬೆರೆಸೋ ನಲ್ಲಿ) ಬರೋ ಬಿಸಿನೀರಿನ ಪೈಪ್.

ಬೇರೆ ಪ್ಲಂಬರ್ ಕರೆದು ಈ ಲೆಕ್ಕ ಹೇಳ್ದೆ, ಅವನು ಅಚ್ಚುಕಟ್ಟಾಗಿ ಕೇಳಿಸ್ಕೊಂಡು ಮಿಕ್ಸರ್ ಪಕ್ಕ ಮೂರೇ ಮೂರು ಟೈಲ್ ಬಿಡಿಸಿದ. ಒಳಗೆ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಪೈಪ್ ತಿರುಗೋ ಕಡೆ ಇರೋ ಎಲ್ಬೋ ತುಕ್ಕು ಹಿಡಿದು ಸಣ್ಣ ತೂತಾಗಿತ್ತು, ನೀರು ಇಟ್ಟಿಗೆ ಮೇಲೆ ಜಿನುಗ್ತಾನೇ ಇತ್ತು. ಒಂದು ಎಲ್ಬೋ ಬದಲಾಯಿಸಿದ್ರೆ ಮುಂದಿನ ವರ್ಷ ಇನ್ನೊಂದು ಕಡೆ ತೂತಾಗುತ್ತೆ, ಪೈಪ್‌ಗೂ ಅಷ್ಟೇ ವಯಸ್ಸಾಗಿದೆ ಅಂದ. ಅದಕ್ಕೆ ಆ ಲೈನನ್ನ ಪೂರ್ತಿ ಬಂದ್ ಮಾಡಿಸಿ ಗೋಡೆ ಮೇಲೇ ಹೊಸ ಸಿಪಿವಿಸಿ ಪೈಪ್ ಹಾಕಿಸಿದೆ. ಬಿಸಿನೀರಿಗೆ ಯುಪಿವಿಸಿ (ತಣ್ಣೀರಿಗೆ ಹಾಕೋ ಪ್ಲಾಸ್ಟಿಕ್ ಪೈಪ್) ಹಾಕ್ಬಾರ್ದು, ಅದು ಮೆತ್ತಗಾಗುತ್ತೆ, ಸಿಪಿವಿಸಿ 93 ಡಿಗ್ರಿವರೆಗೂ ತಡೆಯುತ್ತೆ. ಪೈಪ್ ಹೊರಗೆ ಕಾಣಿಸುತ್ತೆ ನಿಜ, ಕಾಣಿಸ್ಲಿ, ಸೋರಿದ್ರೆ ಅವತ್ತೇ ಗೊತ್ತಾಗುತ್ತಲ್ಲ. ಟೈಲ್ಸ್, ಕೂಲಿ ಎಲ್ಲಾ ಸೇರಿ 3,800.

ಈಗ ಅಮ್ಮನ ರೂಮ್ ಕಡೆ ಕೋಟಿಂಗು, ಹಳೇ ಪ್ಲಾಸ್ಟರ್ ಎಲ್ಲಾ ಸೊಂಟದೆತ್ತರಕ್ಕೆ ಕೆತ್ತಿಸಿ ಇಟ್ಟಿಗೆ ಕಾಣೋ ಹಾಗೇ ಬಿಟ್ಟಿದ್ದೀನಿ. ಉಪ್ಪನ್ನ ಒಣ ಬ್ರಷ್‌ನಲ್ಲೇ ಉಜ್ಜಬೇಕಂತೆ, ನೀರು ಹಾಕಿ ತೊಳೆದ್ರೆ ಕರಗಿ ವಾಪಸ್ ಇಟ್ಟಿಗೆ ಒಳಗೇ ಹೋಗುತ್ತೆ. ಇದನ್ನೂ ಅಂಗಡಿಯವರೇ ಹೇಳಿದ್ದು. ಕಿಟಕಿ ತೆಗೆದು, ಟೇಬಲ್ ಫ್ಯಾನ್ ಗೋಡೆ ಕಡೆ ತಿರುಗಿಸಿಟ್ಟು, ಹದಿನೈದು ದಿನಕ್ಕೊಂದ್ಸಲ ಒಂದಡಿ ಪ್ಲಾಸ್ಟಿಕ್ ಹಾಳೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದಿನ ಬಿಟ್ಟು ಬಿಚ್ಚಿ, ಗೋಡೇಲಿ ಇನ್ನೂ ಪಸೆ ಇದ್ಯಾ ಅಂತ ನೋಡ್ತೀನಿ. ಮೊದಲನೇ ಸಲ ಹಾಳೆಯ ಗೋಡೆ ಕಡೆ ಮೈಯಲ್ಲಿ ಹನಿ ನಿಂತಿತ್ತು. ಮೂರನೇ ಸಲಕ್ಕೆ ಬರೀ ಮಂಜು ಕವಿದ ಹಾಗಿತ್ತು. ಪೇಂಟರ್ ಎರಡು ಸಲ ಫೋನ್ ಮಾಡಿ ಯಾವಾಗ ಬರ್ಲಿ ಮೇಡಂ ಅಂತ ಕೇಳಿದ್ರು, ಇನ್ನೂ ಬೇಡ ಅಂದಿದ್ದೀನಿ.

ನಿನ್ನೆ ಐದನೇ ಸಲ ಹಾಳೆ ಬಿಚ್ಚಿದಾಗ ಅಮ್ಮನೂ ಬಂದು ಪಕ್ಕದಲ್ಲಿ ನಿಂತ್ಕೊಂಡ್ರು. ಇಟ್ಟಿಗೆ ಮೇಲೆ ಕೈ ಇಟ್ಟು ಸವರಿ ನೋಡಿ, ಒಣಗಿದೆ ಕಣೇ, ಮಂಚ ಒಳಗೆ ಹಾಕು ಅಂದ್ರು.