ಎಂಟು ತಾಸು ಕೂರುವ ಕುರ್ಚಿ: ಕರಾವಳಿ, ಘಟ್ಟದ ಮೇಲಿನವರು ನೋಡಬೇಕಾದ್ದು

ಕಾರವಾರ, ಕುಮಟಾ, ಶಿರಸಿಯ ಮನೆಗಳಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಈಗ ಊರೂರಲ್ಲೂ ಇದ್ದಾರೆ. ಇನ್ವರ್ಟರು, ಫೈಬರ್ ಕನೆಕ್ಷನ್ನು ಎಲ್ಲ ಸರಿ ಮಾಡಿಕೊಂಡಿರುತ್ತಾರೆ, ಕೂರುವುದು ಮಾತ್ರ ಊಟದ ಟೇಬಲ್ಲಿನ ಕುರ್ಚಿಯ ಮೇಲೆ. ಸೊಂಟ ಹಿಡಿದ ಮೇಲೆ ಹುಡುಕಲು ಹೊರಟರೆ ಎಲ್ಲ ಮಾದರಿಯ ಹೆಸರಲ್ಲೂ ಎರ್ಗೊನಾಮಿಕ್, ಅಂದರೆ ಮೈಗೆ ಹೊಂದುವಂಥದ್ದು, ಎಂದಿರುತ್ತದೆ. ಆ ಹಣೆಪಟ್ಟಿಯನ್ನು ಯಾವ ಕುರ್ಚಿಗೆ ಬೇಕಾದರೂ ಅಂಟಿಸಬಹುದು, ಅದನ್ನು ನಂಬಿ ದುಡ್ಡು ಹಾಕಬೇಡಿ. ಕುರ್ಚಿ ನಿಮ್ಮ ಮೈಯಳತೆಗೆ ಹೊಂದುತ್ತದೆಯೇ, ನಮ್ಮ ಮಳೆಗಾಲ ತಾಳುತ್ತದೆಯೇ ಎಂಬ ಎರಡನ್ನು ನೋಡಿದರೆ ಮುಕ್ಕಾಲು ಪಾಲು ಮಾದರಿಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಮೊದಲು ಅಳತೆ. ಟೇಪು ಹಿಡಿದು, ಬರಿಗಾಲಲ್ಲಿ, ಗಟ್ಟಿ ಸ್ಟೂಲಿನ ಮೇಲೆ ತೊಡೆ ನೆಲಕ್ಕೆ ಸಮನಾಗುವಂತೆ ಕೂತುಕೊಳ್ಳಿ. ನೆಲದಿಂದ ಮಂಡಿಯ ಹಿಂದಿನ ಮಡಿಕೆವರೆಗೆ ಎಷ್ಟಿದೆ ನೋಡಿ. ಬರಿಗಾಲು ಎಂದದ್ದಕ್ಕೆ ಕಾರಣವಿದೆ. ಆಫೀಸ್ ಕುರ್ಚಿಗಳ ಎತ್ತರವನ್ನು ಬೂಟು ಹಾಕಿದ ಕಾಲಿಗೆ ಲೆಕ್ಕ ಹಾಕಿರುತ್ತಾರೆ, ಅಲ್ಲೇ 2–3 ಸೆಂ.ಮೀ. ಹೆಚ್ಚಾಗಿರುತ್ತದೆ. ನಾವು ಮನೆಯೊಳಗೆ ಚಪ್ಪಲಿ ಮೆಟ್ಟುವವರಲ್ಲ. ಐದಡಿ ಎರಡಿಂಚು ಎತ್ತರದವರಿಗೆ ಈ ಅಳತೆ ಸುಮಾರು 38–40 ಸೆಂ.ಮೀ. ಬರುತ್ತದೆ. ಮಾರುಕಟ್ಟೆಯ ಬಹುತೇಕ ಕುರ್ಚಿಗಳ ಸೀಟು ಪೂರ್ತಿ ಕೆಳಗಿಳಿಸಿದರೂ 43–46 ಸೆಂ.ಮೀ.ಗೇ ನಿಂತುಬಿಡುತ್ತದೆ.

ಆ ನಾಲ್ಕೈದು ಸೆಂ.ಮೀ. ಏನು ಮಾಡುತ್ತದೆ ಎಂದರೆ, ಸೀಟಿನ ಮುಂದಿನ ಅಂಚು ತೊಡೆಯ ಅಡಿಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಮೈ ತನಗೇ ಗೊತ್ತಿಲ್ಲದೆ ಮುಂದಕ್ಕೆ ಸರಿಯುತ್ತದೆ. ಬೆನ್ನು ಒರಗು ಬಿಟ್ಟು ಗೂನಾಗುತ್ತದೆ. ಇಪ್ಪತ್ತು ಸಾವಿರದ ಕುರ್ಚಿಯಲ್ಲೂ ಹೀಗೆ ಕೂತರೆ ಅದರ ಸೊಂಟದ ಆಸರೆ ನಿಮ್ಮನ್ನು ಮುಟ್ಟುವುದೇ ಇಲ್ಲ. ಎತ್ತರ ಕಡಿಮೆ ಇರುವ ಹೆಂಗಸರಿಗೆ ಈ ತೊಂದರೆ ಹೆಚ್ಚು. ಕುರ್ಚಿ ಮಾರುವವರು ಈ ಮಾತನ್ನು ಎತ್ತದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಆದ್ದರಿಂದ ವಿವರದಲ್ಲಿ ಒಟ್ಟು ಎತ್ತರ ನೋಡುವುದಲ್ಲ, ಸೀಟಿನ ಕನಿಷ್ಠ ಎತ್ತರ ಹುಡುಕಿ. ಬರೆದಿಲ್ಲದಿದ್ದರೆ ಕೇಳಿ. ಅಂಗಡಿಯವರು ಹೈಡ್ರಾಲಿಕ್ ಎನ್ನುವ ಗ್ಯಾಸ್ ಲಿಫ್ಟ್ ಸಾಮಾನ್ಯವಾಗಿ 100 ಮಿ.ಮೀ. ಏರಿಳಿಯುತ್ತದೆ. 60–80 ಮಿ.ಮೀ.ನ ಗಿಡ್ಡ ಲಿಫ್ಟೂ ಸಿಗುತ್ತದೆ, ಅದನ್ನು ಹಾಕಿಸಿದರೆ ಸೀಟು ಇನ್ನಷ್ಟು ಕೆಳಗಿಳಿಯುತ್ತದೆ.

ಆದರೆ ಸೀಟು ಇಳಿಸುವ ಮೊದಲು ಟೇಬಲ್ ನೋಡಿಕೊಳ್ಳಿ. ನಮ್ಮಲ್ಲಿ ಬಡಗಿಗಳು ಮಾಡಿಕೊಡುವ ಟೇಬಲ್ಲಿನ ಎತ್ತರ ಹೆಚ್ಚುಕಡಿಮೆ 75 ಸೆಂ.ಮೀ. ಐದಡಿ ಎರಡಿಂಚಿನವರು 40 ಸೆಂ.ಮೀ. ಸೀಟಿನ ಮೇಲೆ ಕೂತರೆ ಮೊಣಕೈ ನೆಲದಿಂದ 62–63 ಸೆಂ.ಮೀ. ಎತ್ತರದಲ್ಲಿರುತ್ತದೆ. ಕೀಬೋರ್ಡು ಮೊಣಕೈ ಮಟ್ಟದಲ್ಲೋ ತುಸು ಕೆಳಗೋ ಇರಬೇಕು. ಇಲ್ಲಿ ಅದು 12 ಸೆಂ.ಮೀ. ಮೇಲಿದೆ, ಹಾಗಾಗಿ ಇಡೀ ದಿನ ಹೆಗಲು ಎತ್ತಿಕೊಂಡೇ ಟೈಪ್ ಮಾಡಬೇಕಾಗುತ್ತದೆ. ಕುತ್ತಿಗೆ ನೋವೆಂದು ಬರುವುದು ಎಷ್ಟೋ ಸಲ ಇದೇ. ಇದಕ್ಕೆ ಮೂರು ದಾರಿ: ಟೇಬಲ್ಲಿನ ಕಾಲು ಕತ್ತರಿಸುವುದು, ಕೆಳಗೆ ಕೀಬೋರ್ಡ್ ಟ್ರೇ ಕೂರಿಸುವುದು, ಇಲ್ಲವೇ ಸೀಟು ಏರಿಸಿ ಕಾಲಡಿ ಏನಾದರೂ ಇಡುವುದು. ಅಜ್ಜನ ಕಾಲದ ಸಾಗವಾನಿ ಟೇಬಲ್ ಆದರೆ ಗರಗಸ ಮುಟ್ಟಿಸಬೇಡಿ, ಟ್ರೇ ಹಾಕಿಸಿ. ಪ್ಲೈವುಡ್ ಟೇಬಲ್ಲಾದರೆ ಕಾಲು ಕತ್ತರಿಸುವುದೇ ಒಳ್ಳೆಯದು, ಬಡಗಿಗೆ ಅರ್ಧ ತಾಸಿನ ಕೆಲಸ. ಕಾಲಡಿಗೆ ಅಟ್ಟದ ಮೇಲಿರುವ ಊಟದ ಮಣೆ ಸಾಕು. ಎರಡೂ ಪಾದ ಪೂರ್ತಿ ಊರುವಷ್ಟು ಅಗಲ ಇರಲಿ, ಎತ್ತರ ಸಾಲದಿದ್ದರೆ ಅಡಿಗೆ ಎರಡು ಪಟ್ಟಿ ಹೊಡೆಸಿ.

ಎರಡನೇ ಅಳತೆ ಸೀಟಿನ ಆಳ. ಗೋಡೆಗೆ ಬೆನ್ನು ತಾಗಿಸಿ ಕೂತು, ಗೋಡೆಯಿಂದ ಮಂಡಿಯ ಹಿಂಭಾಗದವರೆಗೆ ಅಳೆದು 5 ಸೆಂ.ಮೀ. ಕಳೆಯಿರಿ. ಕೂತಾಗ ಸೀಟಿನ ಅಂಚಿಗೂ ಮಂಡಿಗೂ ನಡುವೆ ಮೂರು ಬೆರಳು ಸಲೀಸಾಗಿ ಹೋಗಬೇಕು. ಬಾಸ್ ಚೇರ್ ಎಂದು ಮಾರುವ ದಪ್ಪ ರೆಕ್ಸಿನ್ ಕುರ್ಚಿಗಳ ಸೀಟು 50 ಸೆಂ.ಮೀ. ಆಳ ಇರುತ್ತದೆ, ಗಿಡ್ಡ ಕಾಲಿನವರಿಗೆ ಅದು ಬಾರದು. ಮನೆಯಲ್ಲಿ ಇಬ್ಬರು ಒಂದೇ ಕುರ್ಚಿ ಬಳಸುವುದಾದರೆ ಸೀಟು ಹಿಂದೆ ಮುಂದೆ ಸರಿಯುವ ಮಾದರಿಗೆ ಹೆಚ್ಚು ದುಡ್ಡು ಕೊಡಿ, ದಂಡವಾಗುವುದಿಲ್ಲ.

ಮೂರನೆಯದು ಸೊಂಟದ ಗುಳಿ. ಬಹುತೇಕರಿಗೆ ಅದು ಸೀಟಿನಿಂದ 15–25 ಸೆಂ.ಮೀ. ಮೇಲಿರುತ್ತದೆ. ಆಸರೆ ಅಲ್ಲಿಗೇ ಬರಬೇಕು. ಎರಡು ಬೆರಳು ಕೆಳಗಾದರೆ ಸೊಂಟದ ಮೂಳೆಯನ್ನು ಮುಂದಕ್ಕೆ ತಳ್ಳುತ್ತದೆ, ಮೇಲಾದರೆ ಪಕ್ಕೆಲುಬಿನ ಕೆಳಗೆ ಚುಚ್ಚುತ್ತದೆ. ಕನಿಷ್ಠ 5 ಸೆಂ.ಮೀ. ಮೇಲೆ ಕೆಳಗೆ ಸರಿಸಲು ಬರುವಂಥದ್ದು ತಗೊಳ್ಳಿ. ಗೇಮಿಂಗ್ ಕುರ್ಚಿಗಳ ಜೊತೆ ಬರುವ ಬೆಲ್ಟಿನ ದಿಂಬು ಕೂತಾಗೆದ್ದಾಗ ಜಾರುತ್ತಲೇ ಇರುತ್ತದೆ, ಅದನ್ನು ಆಸರೆ ಎಂದು ಲೆಕ್ಕ ಹಿಡಿಯಲಾರೆ.

ಇನ್ನು ಸೀಟಿನ ಅಡಿಯ ಯಂತ್ರ. ನೆಟ್ಟಗೆ 90 ಡಿಗ್ರಿಯಲ್ಲಿ ಕೂರುವುದೇ ಸರಿ ಎಂಬ ನಂಬಿಕೆ ಇನ್ನೂ ಇದೆ. ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲೇ ಬೆನ್ನುಮೂಳೆಯ ಡಿಸ್ಕಿನೊಳಗಿನ ಒತ್ತಡ ಅಳೆದಿದ್ದರು: ಆಸರೆಯಿಲ್ಲದೆ ಕೂತಾಗ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಇನ್ನೂ ಹೆಚ್ಚು. ಹಿಂದಕ್ಕೆ ಒರಗಿದಷ್ಟೂ ಭಾರ ಬೆನ್ನೊರಗಿಗೆ ದಾಟುತ್ತದೆ. 100–110 ಡಿಗ್ರಿಯಲ್ಲಿ ಒರಗಿಯೇ ಟೈಪ್ ಮಾಡಲು ಬರಬೇಕು, ಆಗಾಗ ಇನ್ನೂ ಹಿಂದೆ ವಾಲಿ ಮುಂದೆ ಬರಲು ಬರಬೇಕು. ಇದಕ್ಕೆ ಬೇಕಿರುವುದು ಸಿಂಕ್ರೊ ಟಿಲ್ಟ್: ಒರಗು ಎರಡು ಡಿಗ್ರಿ ವಾಲಿದರೆ ಸೀಟು ಸುಮಾರು ಒಂದೇ ಡಿಗ್ರಿ ವಾಲುತ್ತದೆ. ಅಗ್ಗದ ಕುರ್ಚಿಗಳಲ್ಲಿ ಸೀಟೂ ಒರಗೂ ಒಟ್ಟಿಗೇ ವಾಲುತ್ತವೆ, ಸೀಟಿನ ಮುಂಭಾಗ ಮೇಲೆದ್ದು ಪಾದ ನೆಲ ಬಿಡುತ್ತದೆ. ಅಂಗಡಿಯಲ್ಲಿ ಇದನ್ನು ಗುರುತಿಸುವುದು ಸುಲಭ. ಚಪ್ಪಲಿ ಬಿಟ್ಟು ಕೂತು ಹಿಂದಕ್ಕೆ ಒರಗಿ; ಹಿಮ್ಮಡಿ ಎದ್ದರೆ ಆ ಕುರ್ಚಿ ಬಿಡಿ.

ಸೀಟಿನ ಅಡಿ ಮುಂದಿರುವ ದೊಡ್ಡ ಗುಂಡಿ ತಿರುಗಿಸಿದರೆ ಸ್ಪ್ರಿಂಗಿನ ಬಿಗಿ ಬದಲಾಗುತ್ತದೆ. 50 ಕಿಲೋಗಿಂತ ಕಡಿಮೆ ತೂಕದವರು ಇದನ್ನು ಪೂರ್ತಿ ಸಡಿಲಿಸಿ ನೋಡಲೇಬೇಕು, ಎಷ್ಟೋ ಕುರ್ಚಿಗಳು ಆಗಲೂ ಅವರಿಗೆ ಬಾಗುವುದಿಲ್ಲ.

ಹ್ಯಾಂಡ್‌ರೆಸ್ಟು ಎತ್ತರ ಹೊಂದಿಸುವಂತಿದ್ದು ಟೇಬಲ್ಲಿನಡಿ ತೂರುವಂತಿದ್ದರೆ ಸಾಕು. ತೂರದಿದ್ದರೆ ನೀವು ಕೀಬೋರ್ಡಿನಿಂದ ದೂರ ಉಳಿದು ಮುಂದೆ ಬಾಗುತ್ತೀರಿ. ಕುರ್ಚಿಯ ಮೇಲೂ ಚಕ್ಕಳಮಕ್ಕಳ ಹಾಕುವ ಅಭ್ಯಾಸವಿದ್ದರೆ ಮೇಲಕ್ಕೆ ಮಡಚುವ ಹ್ಯಾಂಡ್‌ರೆಸ್ಟ್ ನೋಡಿ. ತಲೆಯ ಆಸರೆ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು.

ಇನ್ನು ಮಳೆಗಾಲದ ಮಾತು. ಬೆಂಗಳೂರಿನವರು ಬರೆದ ಸಲಹೆಗಳು ನಮಗೆ ಅರ್ಧ ಮಾತ್ರ ಉಪಯೋಗಕ್ಕೆ ಬರುವುದು ಇದರಿಂದಲೇ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಕುರ್ಚಿಯನ್ನು ಬಿಡುತ್ತದೆಯೇ? ಲೆದರೆಟ್, ಪಿಯು ಲೆದರ್ ಎನ್ನುವುದು ಬಹುಮಟ್ಟಿಗೆ ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನಿನ ತೆಳು ಪದರ. ಗಾಳಿಯ ತೇವ ಮತ್ತು ಸೆಕೆ ಸೇರಿ ಆ ಪದರದ ಕೊಂಡಿಗಳನ್ನು ಒಡೆಯುತ್ತವೆ. ಒಣ ಊರಲ್ಲಿ ಐದು ವರ್ಷ ಬಾಳುವುದು ಇಲ್ಲಿ ಎರಡು ಮೂರು ಮಳೆಗಾಲಕ್ಕೇ ಬೆವರು ತಾಗುವ ಕಡೆಯಿಂದ ಸಿಪ್ಪೆ ಏಳಲು ಶುರುವಾಗುತ್ತದೆ. ಬಳಸದೆ ಇಟ್ಟರೂ ಹೀಗಾಗುತ್ತದೆ, ಒಮ್ಮೆ ಎದ್ದ ಮೇಲೆ ರಿಪೇರಿ ಇಲ್ಲ. ಕರೆಂಟು ಹೋಗಿ ಫ್ಯಾನು ನಿಂತಾಗ ಬೆನ್ನಿಗೆ ಅಂಟಿಕೊಳ್ಳುವ ಹಿಂಸೆ ಬೇರೆ. ಕರಾವಳಿಯ ಮನೆಗೆ ಈ ಹೊದಿಕೆ ಬೇಡವೇ ಬೇಡ.

ಬೆನ್ನಿಗೆ ಮೆಶ್ ಇರಲಿ. ಸೀಟಿಗೂ ಮೆಶ್ ಒಳ್ಳೆಯದೇ, ಆದರೆ ಒಳ್ಳೆಯ ಮೆಶ್ ಮಾತ್ರ. ಅಗ್ಗದ ಬಲೆ ವರ್ಷದೊಳಗೆ ಜೋತು ಬೀಳುತ್ತದೆ, ಆಗ ಭಾರವೆಲ್ಲ ಸುತ್ತಲಿನ ಗಟ್ಟಿ ಚೌಕಟ್ಟಿನ ಮೇಲೆ ಬಿದ್ದು ತೊಡೆ ನೋಯುತ್ತದೆ. ಮೊಣಕಾಲೂರಿ ಒತ್ತಿ ನೋಡಿ: ಅಡಿಯ ಕಬ್ಬಿಣದ ತಟ್ಟೆ ತಾಗಬಾರದು, ಕಾಲು ತೆಗೆದ ಕೂಡಲೇ ಬಲೆ ಮಟ್ಟಸವಾಗಬೇಕು. ಹತ್ತು ಹದಿನೈದು ಸಾವಿರದೊಳಗೆ ಕೊಳ್ಳುವವರಿಗೆ ನನ್ನ ಸಲಹೆ ಮೆಶ್ ಬೆನ್ನು, ಬಟ್ಟೆ ಹೊದಿಸಿದ ಫೋಮ್ ಸೀಟು. ಫೋಮು ಅಚ್ಚಿನಲ್ಲಿ ಎರಕ ಹೊಯ್ದ ಮೋಲ್ಡೆಡ್ ಆಗಿರಲಿ, ಸಾಂದ್ರತೆ ಘನಮೀಟರಿಗೆ 45 ಕಿಲೋಗಿಂತ ಹೆಚ್ಚಿರಲಿ. ಹಾಳೆಯಿಂದ ಕತ್ತರಿಸಿದ 28–32ರ ಫೋಮು ಬೇಗ ಹಪ್ಪಳವಾಗುತ್ತದೆ.

ಸೀಟನ್ನು ತಿರುಗಿಸಿ ಅಡಿಯನ್ನೂ ನೋಡಿ. ಅಲ್ಲಿ ಸಾದಾ ಪ್ಲೈವುಡ್ ಇದ್ದರೆ ಅದು ತೇವ ಕುಡಿದು ಉಬ್ಬುತ್ತದೆ, ಅದರೊಳಗೆ ಕೂರಿಸಿದ ಕಬ್ಬಿಣದ ನಟ್ಟು ತುಕ್ಕು ಹಿಡಿದು ಸಡಿಲಾಗುತ್ತದೆ. ಮೊದಲು ಕಿರಗುಟ್ಟುವ ಶಬ್ದ, ಆಮೇಲೆ ಒಂದು ಬದಿಗೆ ವಾಲಿದ ಸೀಟು, ಕೊನೆಗೆ ಎಷ್ಟು ತಿರುಗಿಸಿದರೂ ಬಿಗಿಯಾಗದ ಬೋಲ್ಟು. ಗಟ್ಟಿ ಪ್ಲಾಸ್ಟಿಕ್ಕಿನ ತಳವಿದ್ದರೆ ಈ ತೊಂದರೆ ಬಹಳ ಕಡಿಮೆ.

ಶಿರಸಿ, ಸಿದ್ದಾಪುರದವರಿಗೆ ಬೂಷ್ಟಿನ ಕಾಟವಾದರೆ ಕಾರವಾರ, ಅಂಕೋಲಾದ ಕಡಲಂಚಿನವರಿಗೆ ಉಪ್ಪುಗಾಳಿ. ಹೊಳೆಯುವ ಕ್ರೋಮ್ ಬೇಸ್ ಅಂಗಡಿಯಲ್ಲಿ ಚೆಂದ. ಲೇಪದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಉಪ್ಪಿನ ತೇವ ಅಲ್ಲಿಂದಿಳಿದು ಒಳಗಿನ ಕಬ್ಬಿಣ ತಿನ್ನುತ್ತದೆ. ಮೊದಲು ಕಂದು ಚುಕ್ಕೆ, ಮುಂದೆ ಲೇಪವೇ ಗುಳ್ಳೆಯೇಳುತ್ತದೆ. ಗಾಜಿನ ಎಳೆ ಸೇರಿಸಿದ ನೈಲಾನಿನ ಐದು ಕಾಲಿನ ಬೇಸ್ ತುಕ್ಕೇ ಹಿಡಿಯದು, ಬೆಲೆಯೂ ಕಡಿಮೆ. ಭಾರದ ಮೈಯವರು ಪೌಡರ್ ಕೋಟ್ ಮಾಡಿದ ಅಲ್ಯುಮಿನಿಯಂ ತಗೊಳ್ಳಬಹುದು.

ಜೋಡಿಸುವಾಗಲೇ ಬೋಲ್ಟಿನ ಎಳೆಗಳಿಗೆ ತುಸು ಗ್ರೀಸೋ ವ್ಯಾಸಲೀನೋ ಸವರಿ. ಸಾಮಾನ್ಯವಾಗಿ ಇವು ಎಂ6 ಅಥವಾ ಎಂ8 ಅಳತೆಯವು, 5 ಅಥವಾ 6 ಮಿ.ಮೀ. ಅಲೆನ್ ಕೀ ಹಿಡಿಯುತ್ತದೆ. ಎಲ್ಲವನ್ನೂ ಮೊದಲು ಸಡಿಲವಾಗಿ ಕೂರಿಸಿ, ಆಮೇಲೆ ಎದುರುಬದುರಾಗಿ ಬಿಗಿಮಾಡಿ. ಒಂದನ್ನೇ ಪೂರ್ತಿ ಬಿಗಿಮಾಡಿದರೆ ಉಳಿದವುಗಳ ತೂತು ಕೂಡುವುದಿಲ್ಲ. ಒಂದು ವಾರ ಕೂತ ಮೇಲೆ ಮತ್ತೊಮ್ಮೆ, ಆಮೇಲೆ ಪ್ರತಿ ಮೇ ತಿಂಗಳಲ್ಲಿ ಒಮ್ಮೆ ಬಿಗಿಮಾಡಿ. ಗ್ಯಾಸ್ ಲಿಫ್ಟು ಬೇಸಿಗೂ ಸೀಟಿನ ತಟ್ಟೆಗೂ ಕೂರುವ ಓರೆ ಜಾಗಕ್ಕೆ ಮಾತ್ರ ಎಣ್ಣೆ, ಗ್ರೀಸು ಹಚ್ಚಬೇಡಿ. ಅಲ್ಲಿ ಹಿಡಿದಿಡುವುದು ಘರ್ಷಣೆಯೊಂದೇ.

ಗಾಲಿಗಳ ವಿಷಯ ಯಾರೂ ಯೋಚಿಸುವುದಿಲ್ಲ. ಕುರ್ಚಿಯ ಜೊತೆ ಬರುವ ಗಟ್ಟಿ ನೈಲಾನ್ ಗಾಲಿ ಕಾರ್ಪೆಟ್ಟಿಗೆ ಹೇಳಿದ್ದು. ಕಾವಿ ನೆಲದ ಮೇಲೆ, ಅದರಲ್ಲೂ ಕಡಲ ಮರಳು ಕಾಲಿಗಂಟಿ ಒಳಗೆ ಬರುವ ಮನೆಯಲ್ಲಿ, ಕುರ್ಚಿ ಓಡಾಡುವ ಜಾಗ ಗೀರು ಗೀರಾಗುತ್ತದೆ. ಕಾವಿ ನೆಲಕ್ಕೆ ಮತ್ತೆ ಆ ನುಣುಪು ತರಿಸುವ ಕೆಲಸಗಾರರು ಈಗ ಸುಲಭಕ್ಕೆ ಸಿಗುವುದಿಲ್ಲ. ಮೆತ್ತನೆ ಪಿಯು ಹೊರಪದರದ 60 ಮಿ.ಮೀ. ಗಾಲಿಗಳ ಸೆಟ್ ತರಿಸಿ. ಕಡ್ಡಿಯ ದಪ್ಪ ಬಹುತೇಕ ಕುರ್ಚಿಗಳಲ್ಲಿ 11 ಮಿ.ಮೀ., ಕೈಯಲ್ಲೇ ಎಳೆದು ಬದಲಿಸಬಹುದು. ಹಳೆಯದನ್ನು ಅಳೆದೇ ಆರ್ಡರ್ ಮಾಡಿ.

ಮಳೆಗಾಲದಲ್ಲಿ ಕುರ್ಚಿಗೆ ಪ್ಲಾಸ್ಟಿಕ್ ಹೊದಿಸಿಡಬೇಡಿ, ತೇವ ಒಳಗೇ ನಿಂತು ಬೂಷ್ಟು ಹೆಚ್ಚುತ್ತದೆ. ಹಳೆಯ ಪಂಚೆ ಸಾಕು. ಗೋಡೆಯಿಂದ ಒಂದು ಗೇಣು ಈಚೆ ಇಡಿ, ಚಿರೇಕಲ್ಲಿನ ಗೋಡೆ ಮಳೆಗಾಲದಲ್ಲಿ ತೇವ ಬಿಡುತ್ತದೆ. ಬಟ್ಟೆಯ ಮೇಲೆ ಬಿಳಿ ಬೂಷ್ಟು ಕಂಡರೆ ಹೊರಗೊಯ್ದು ಒಣ ಬ್ರಷ್ಷಿನಿಂದ ಉದುರಿಸಿ, ಅರ್ಧ ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಗಾಳಿಗೆ ಒಣಗಿಸಿ. ಮೊದಲು ಮೂಲೆಯಲ್ಲಿ ಒರೆಸಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ.

ಕೊಳ್ಳುವಾಗ ಸಾಧ್ಯವಾದರೆ ಹುಬ್ಬಳ್ಳಿಗೋ ಮಡಗಾಂವಿಗೋ ಹೋಗಿ ಒಂದೊಂದರಲ್ಲೂ ಹದಿನೈದು ನಿಮಿಷ ಕೂತು ನೋಡಿ. ಎರಡೇ ನಿಮಿಷ ಕೂತರೆ ಮೆತ್ತಗಿರುವುದೇ ಹಿತ ಎನಿಸುತ್ತದೆ, ಅದನ್ನು ನಂಬುವಂತಿಲ್ಲ. ಬಿಫ್ಮಾ ಎಂದು ಬರೆದಿದ್ದರೆ ಪರೀಕ್ಷೆಯಾದದ್ದು ಇಡೀ ಕುರ್ಚಿಯೋ, ಬರೀ ಬೇಸೋ ಗಾಲಿಯೋ ಎಂದು ಕೇಳಿ. ಬಿಫ್ಮಾ ಎಂದರೆ ಅಮೆರಿಕದ ಪೀಠೋಪಕರಣ ತಯಾರಕರ ಸಂಘ; ಕುರ್ಚಿಗಳ ಬಾಳಿಕೆ ಪರೀಕ್ಷಿಸುವ ಅದರ ಮಾನದಂಡ ಎಕ್ಸ್5.1, ಒಂದು ಬಿಡಿಭಾಗ ಪಾಸಾದರೆ ಕುರ್ಚಿ ಪಾಸಾದಂತಲ್ಲ. ಆನ್‌ಲೈನಿನಲ್ಲಿ ಕಾರವಾರದ 581301, ಶಿರಸಿಯ 581401 ಎಂದು ಪಿನ್ ಹಾಕಿದರೆ ಡೆಲಿವರಿ ಇದೆ ಎಂದು ತೋರಿಸುತ್ತದೆ. ವಾರಂಟಿಗೆ ರಿಪೇರಿಯವರು ಮನೆಗೆ ಬರುತ್ತಾರೋ, ಬಿಡಿಭಾಗ ಕಳಿಸಿ ಕೈತೊಳೆದುಕೊಳ್ಳುತ್ತಾರೋ ಎಂಬುದನ್ನು ಫೋನಿನಲ್ಲಿ ಕೇಳಿ ತಿಳಿಯಬೇಕು.

ಬೆಂಗಳೂರಿನ ಕಚೇರಿಗಳಿಂದ ಹೊರಬಿದ್ದ ಒಳ್ಳೆಯ ಕುರ್ಚಿಗಳು ಸೆಕೆಂಡ್‌ಹ್ಯಾಂಡಿನಲ್ಲಿ ಸಿಗುತ್ತವೆ, ಹೊಸ ಅಗ್ಗದ ಕುರ್ಚಿಗಿಂತ ಎಷ್ಟೋ ಸಲ ಅವೇ ಮೇಲು. 1994ರಲ್ಲಿ ಬಂದ, ಹರ್ಮನ್ ಮಿಲ್ಲರ್ ಕಂಪನಿಯ ಏರಾನ್ ಕುರ್ಚಿ ಎ, ಬಿ, ಸಿ ಎಂಬ ಮೂರು ಸೈಜಿನಲ್ಲಿದೆ. ಬೆನ್ನೊರಗಿನ ಮೇಲಂಚಿನ ಹಿಂದೆ ಕೈಯಾಡಿಸಿದರೆ ಒಂದು, ಎರಡು ಅಥವಾ ಮೂರು ಚುಕ್ಕೆ ಸಿಗುತ್ತವೆ. ಸಣ್ಣ ಮೈಯವರು ಮೂರು ಚುಕ್ಕೆಯದನ್ನು ಅಗ್ಗವೆಂದು ತಂದರೆ ಆಳದ ಸೀಟಿನ ತಾಪತ್ರಯವೇ. ಯಾವ ಹಳೆಯ ಕುರ್ಚಿಯನ್ನೇ ಆಗಲಿ ಪೂರ್ತಿ ಏರಿಸಿ ಹತ್ತು ನಿಮಿಷ ಕೂತು ನೋಡಿ. ತಾನಾಗಿ ಇಳಿದರೆ ಲಿಫ್ಟಿನ ಸೀಲು ಹೋಗಿದೆ. ಅದಕ್ಕೆ ಮತ್ತೆ ಗ್ಯಾಸ್ ತುಂಬಲು ಬರುವುದಿಲ್ಲ, ಬದಲಿಸಬೇಕು. ಒಳಗೆ ಒತ್ತಡದ ನೈಟ್ರೋಜನ್ ಇರುವುದರಿಂದ ಸಿಲಿಂಡರನ್ನು ಕೊರೆಯಲು, ಕಾಸಲು ಎಂದೂ ಹೋಗಬೇಡಿ.

ಹೊಸದು ತರಿಸಿದ್ದರೆ ವಾಪಸಾತಿಯ ಗಡುವು ಎಷ್ಟು ದಿನ ಎಂದು ನೋಡಿಕೊಂಡು, ಬಂದ ದಿನವೇ ಜೋಡಿಸಿ, ಪೂರ್ತಿ ಕೆಲಸದ ದಿನ ಅದರಲ್ಲೇ ಕೂರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಇಂದು ಎತ್ತರ, ನಾಳೆ ಸೊಂಟದ ಆಸರೆ. ಹೊಸ ಆಸರೆಗೆ ಸ್ನಾಯು ಹೊಂದಿಕೊಳ್ಳುವಾಗ ಬೆನ್ನು ಸಣ್ಣಗೆ ನೊಂದರೆ ಗಾಬರಿ ಬೇಡ. ಕಾಲು ಜೋಮು ಹಿಡಿದರೆ, ಮೂರನೇ ದಿನವೂ ಒಂದೇ ಜಾಗದಲ್ಲಿ ಒತ್ತಿದರೆ ವಾಪಸ್ ಕಳಿಸಿ. ಅಲ್ಲಿಯವರೆಗೆ ರಟ್ಟಿನ ಪೆಟ್ಟಿಗೆ, ಥರ್ಮಕೋಲು ಯಾವುದನ್ನೂ ಎಸೆಯಬೇಡಿ. ಪೆಟ್ಟಿಗೆಯನ್ನು ಜಗಲಿಯಲ್ಲಿ ಬಿಟ್ಟರೆ ಇರಚಲಿಗೆ ನೆನೆದು ಕುಸಿಯುತ್ತದೆ, ಮೆತ್ತಿನ ಮೇಲೆ ಒಯ್ದಿಡಿ.