ಎಳ್ಳಿನಷ್ಟು ಮಚ್ಚೆ

ನನ್ನ ಪಾಸ್‌ಪೋರ್ಟಿಗೆ ನಾನು ಫೋಟೊ ಒಯ್ದಿರಲಿಲ್ಲ. ಸೇವಾ ಕೇಂದ್ರದಲ್ಲಿಯೇ ಕೂರಿಸಿ ತೆಗೆದಿದ್ದರು. ಮಗಳದ್ದೂ ಹಾಗೆಯೇ ಆಗುತ್ತದೆ ಎಂದು ನಿಶ್ಚಿಂತೆಯಿಂದ ಇದ್ದೆ. ಸರದಿ ಸಿಕ್ಕಿದ್ದ ದಿನಕ್ಕೆ ಒಂದೇ ರಾತ್ರಿ ಉಳಿದಿರುವಾಗ ಹೆಂಡತಿ ಸೂಚನೆಗಳನ್ನು ಓದಿ ಹೇಳಿದಳು: ನಾಲ್ಕು ವರ್ಷದೊಳಗಿನ ಮಕ್ಕಳ ಫೋಟೊ ನಾವೇ ತರಬೇಕು, 3.5 ಸೆಂಟಿಮೀಟರ್ ಅಗಲ, 4.5 ಎತ್ತರ, ಹಿಂದೆ ಬಿಳಿ. ಮಗಳಿಗೆ ಆಗ ಏಳು ತಿಂಗಳು. ಮಸ್ಕತ್‌ನಲ್ಲಿರುವ ನನ್ನ ತಂಗಿ ಸೊಸೆಯ ಮುಖ ನೋಡಬೇಕೆಂದು ದಿನವೂ ಫೋನ್ ಮಾಡುತ್ತಿದ್ದಳು.

ಸಂಜೆ ಏಳಕ್ಕೆ ಸ್ಟುಡಿಯೊಕ್ಕೆ ಹೊರಟೆವು. ಅವ್ವ ಅಷ್ಟರಲ್ಲಿ ಮಗುವಿಗೆ ಕುಂಚಿಗೆ ಕಟ್ಟಿ, ಕಣ್ಣಿಗೆ ಕಾಡಿಗೆ ತೀಡಿ, ಬಲಗೆನ್ನೆಗೆ ರೂಪಾಯಿಯಗಲ ದೃಷ್ಟಿಬೊಟ್ಟು ಇಟ್ಟು ಸಿದ್ಧ ಮಾಡಿದ್ದಳು. ಫೋಟೊಕ್ಕೆ ಇದೆಲ್ಲ ನಡೆಯುವುದಿಲ್ಲ ಎಂದೆ. "ಹಾಗಾದರೆ ನಾಲ್ಕು ಜನ ನೋಡುವ ಫೋಟೊದಲ್ಲಿ ಕೂಸು ಬೋಳು ಮುಖದಲ್ಲಿ ಇರಬೇಕೇನು?" ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ. ಸ್ಟುಡಿಯೊದ ಮೆಟ್ಟಿಲ ಮೇಲೆ ಕುಳಿತು ಎಣ್ಣೆ ಹಚ್ಚಿ ಒರೆಸಿದೆವು. ಬೊಟ್ಟು ಹೋಯಿತು, ಬೂದುಬಣ್ಣದ ಕಲೆ ಉಳಿಯಿತು.

ಒಳಗೆ ಗೋಡೆಯ ತುಂಬ ಬಣ್ಣದ ಗೋಳಗುಮ್ಮಟ. ವಿಜಯಪುರದ ಹಳೆಯ ಸ್ಟುಡಿಯೊ ಎಂದರೆ ಅದಿಲ್ಲದೆ ಹೇಗೆ? ಅದರ ಮುಂದೆ ಬಿಳಿ ಪರದೆ ಇಳಿಬಿಟ್ಟರು. ಮಗು ಒಬ್ಬಳೇ ಕೂರಲಾರಳು, ಹಿಡಿದವರ ಕೈ ಕಾಣುವಂತಿಲ್ಲ. ಹೆಂಡತಿ ಪರದೆಯ ಹಿಂದೆ ಮೊಣಕಾಲೂರಿ, ಬಟ್ಟೆಯ ಮೇಲಿಂದಲೇ ಅವಳ ಸೊಂಟ ಹಿಡಿದಳು. ನಾನು ಗಿಲಕಿ ಆಡಿಸಿದರೆ ಅವಳು ಬಾಯಿ ತೆರೆದು ನಗುತ್ತಾಳೆ. ಬಾಯಿ ಮುಚ್ಚಿರಬೇಕು. ಗಿಲಕಿ ನಿಲ್ಲಿಸಿದರೆ ಅಳುತ್ತಾಳೆ. ಫ್ಲ್ಯಾಶ್ ಬೆಳಗಿದರೆ ಕಣ್ಣು ಮುಚ್ಚುತ್ತಾಳೆ. ಕೊನೆಗೆ ಬಾಗಿಲಲ್ಲಿ ಬಂದ ಚಹಾದ ಹುಡುಗನನ್ನು ಬೆರಗಿನಿಂದ ನೋಡುತ್ತಿದ್ದಾಗ ಒಂದು ಸರಿಯಾಗಿ ಬಿತ್ತು.

ಸ್ಟುಡಿಯೊದವರು ಕಂಪ್ಯೂಟರಿನ ಮುಂದೆ ಹತ್ತು ನಿಮಿಷ ಕುಳಿತು ಎಂಟು ಪ್ರತಿ ಕೊಟ್ಟರು. "ಕಾಡಿಗೆಯ ಕಲೆಗಳನ್ನೆಲ್ಲ ತೆಗೆದುಬಿಟ್ಟಿದ್ದೇನೆ ಸರ್" ಎಂದರು. ಮಗಳು ಸ್ವಲ್ಪ ಬೆಳ್ಳಗೂ ಆಗಿದ್ದಳು. ಇರಲಿ ಬಿಡು ಎಂದುಕೊಂಡು ಹಣ ಕೊಟ್ಟು ಬಂದೆ. "ಕಲೆಗಳನ್ನು" ಎಂಬ ಬಹುವಚನ ಆಗ ನನ್ನ ಕಿವಿಗೆ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಕೌಂಟರಿನ ಹೆಣ್ಣುಮಗಳು ಅರ್ಜಿ ನೋಡಿದರು, ಫೋಟೊ ನೋಡಿದರು, ಆಮೇಲೆ ಹೆಂಡತಿಯ ತೋಳಲ್ಲಿದ್ದ ಮಗುವನ್ನು ನೋಡಿದರು. "ಎಡಗೆನ್ನೆಯ ಮೇಲೆ ಮಚ್ಚೆ ಎಂದು ಬರೆದಿದ್ದೀರಿ. ಮಚ್ಚೆ ಎಲ್ಲಿದೆ?"

ಗುರುತಿನ ಚಿಹ್ನೆ ಕೇಳುವ ಜಾಗದಲ್ಲಿ ನಾನೇ ಬರೆದಿದ್ದೆ. ಎಳ್ಳಿನಷ್ಟು ಕರಿಮಚ್ಚೆ, ಹುಟ್ಟಿದಾಗಿನಿಂದ ಇದೆ. ಸ್ಟುಡಿಯೊದವರು ಅದನ್ನೂ ಕಾಡಿಗೆ ಎಂದುಕೊಂಡು ಅಳಿಸಿದ್ದರು. ಒರೆಸಿದ ಬೊಟ್ಟಿನ ಕಲೆಯ ಜೊತೆಗೆ ಒರೆಸಲಾಗದ್ದೂ ಹೋಗಿತ್ತು. "ತಿದ್ದಿದ ಫೋಟೊ ಬೇಡ ಅಣ್ಣ, ಮಧ್ಯಾಹ್ನದೊಳಗೆ ಬೇರೆ ತನ್ನಿ" ಎಂದರು. ಸಿಟ್ಟು ಬರಬೇಕಿತ್ತು. ಆದರೆ ಮಗಳ ಮಚ್ಚೆಯನ್ನು ನನಗಿಂತ ಚೆನ್ನಾಗಿ ನೋಡಿದವರ ಮೇಲೆ ಸಿಟ್ಟಾಗುವುದು ಹೇಗೆ?

ಮನೆಗೆ ಓಡಿ ಬಂದೆವು. ಅಪ್ಪ ಟ್ರಂಕಿನಿಂದ ಒಗೆದಿಟ್ಟ ಧೋತರ ತೆಗೆದುಕೊಟ್ಟರು. ಅಂಚು ಕಾಣದಂತೆ ಮಡಚಿ, ಪಡಸಾಲೆಯಲ್ಲಿ ಬಾಗಿಲ ಬೆಳಕು ಸಮನಾಗಿ ಬೀಳುವ ಕಡೆ ಹಾಸಿ, ಮಗುವನ್ನು ಮಲಗಿಸಿದೆವು. ಹಾಕಿದ್ದು ಬಿಳಿ ಅಂಗಿ, ಧೋತರದಲ್ಲಿ ಕರಗಿಹೋಗಿ ಬರೀ ತಲೆ ತೇಲಿದಂತೆ ಕಂಡಿತು. ನೀಲಿ ಅಂಗಿ ತೊಡಿಸಿದೆವು. ಬಗ್ಗಿ ನೋಡಿದರೆ ನನ್ನದೇ ತಲೆಯ ನೆರಳು ಅವಳ ಹಣೆಯ ಮೇಲೆ. ಮೊಬೈಲ್ ಹತ್ತಿರ ಹಿಡಿದರೆ ಮೂಗು ದಪ್ಪ. ಸ್ಟೂಲಿನ ಮೇಲೆ ಹತ್ತಿ ದೂರದಿಂದ ತೆಗೆದು, ಆಮೇಲೆ ಸುತ್ತ ಕತ್ತರಿಸಿದರಾಯಿತು ಎಂದುಕೊಂಡೆ. ಅವ್ವ ನನ್ನ ಬೆನ್ನ ಹಿಂದೆ ನಿಂತು ಬೆಳಗಿನಿಂದ ಮಾತಿಲ್ಲದೆ ಇದ್ದವಳು, "ಏ ಪುಟ್ಟಕ್ಕಾ" ಎಂದಳು. ಮಗು ಬಾಯಿ ಮುಚ್ಚಿ, ಎರಡೂ ಕಣ್ಣು ಅರಳಿಸಿ, ನೆಟ್ಟಗೆ ಮೇಲೆ ನೋಡಿತು. ಮಚ್ಚೆ ಚೆನ್ನಾಗಿ ಬಂತು.

ಬೇರೊಂದು ಅಂಗಡಿಯಲ್ಲಿ "ದಯವಿಟ್ಟು ಏನೂ ತಿದ್ದಬೇಡಿ" ಎಂದು ಮೂರು ಸಲ ಹೇಳಿ ಎಂಟು ಪ್ರತಿ ಹಾಕಿಸಿಕೊಂಡೆ. ಕೌಂಟರಿನಲ್ಲಿ ಈ ಸಲ ಒಂದು ನಿಮಿಷವೂ ಹಿಡಿಯಲಿಲ್ಲ.

ಉಳಿದ ಪ್ರತಿಗಳಲ್ಲಿ ಒಂದನ್ನು ಅವ್ವ ಕೇಳಿ ಪಡೆದಳು. ರಾತ್ರಿ ದೇವರ ಜಗಲಿಯಲ್ಲಿ ದೀಪ ಹಚ್ಚಲು ಹೋದಾಗ ನೋಡಿದೆ. ಫೋಟೊ ಕುಂಕುಮದ ಬಟ್ಟಲಿಗೆ ಒರಗಿ ನಿಂತಿತ್ತು. ಬಲಗೆನ್ನೆಯ ಮೇಲೆ ಕಾಡಿಗೆಯ ಬೊಟ್ಟು ಇನ್ನೂ ಆರಿರಲಿಲ್ಲ.